ಕಡತ ಹೋಯಿತೋ, ಕದ ಮುಚ್ಚಿತೋ?

"ಕಂಪ್ಯೂಟರಿನಲ್ಲಿದ್ದ ಕಾಗದಗಳೆಲ್ಲ ಹೋದವು" ಎಂಬ ಮಾತು ಈಗ ನಮ್ಮ ಕಡೆಯ ಸಹಕಾರಿ ಸಂಘಗಳಲ್ಲೂ ಶಾಲೆಗಳಲ್ಲೂ ಕೇಳಿಬರುತ್ತದೆ. ಬಹಳಷ್ಟು ಸಲ ಕಾಗದ ಎಲ್ಲಿಯೂ ಹೋಗಿರುವುದಿಲ್ಲ. ಅದಿರುವ ಕೋಣೆಯ ಬಾಗಿಲು ತೆರೆದಿರುವುದಿಲ್ಲ, ಅಷ್ಟೆ. ಆದರೆ ಗಾಬರಿಯಲ್ಲಿ ಮಾಡುವ ಕೆಲಸದಿಂದ ಕಾಗದ ನಿಜವಾಗಿಯೂ ಹೋಗಬಹುದು. ನಮ್ಮ ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರುವ ಮೊದಲು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಆಗಿನ ಜಮೀನು ಕಾಗದ ಎಷ್ಟೋ ಮನೆಗಳಲ್ಲಿ ಕನ್ನಡದಲ್ಲಿದೆ, ಈಚಿನದು ಮಲಯಾಳದಲ್ಲಿದೆ. ಮೂಲವನ್ನು ಗೆದ್ದಲು ತಿಂದ ಮೇಲೆ ಉಳಿಯುವುದು ಸ್ಕ್ಯಾನ್ ಮಾಡಿದ ಪ್ರತಿ ಒಂದೇ. ಆದ್ದರಿಂದ ಈ ವಿಷಯ ನಮಗೆ ಸಣ್ಣದಲ್ಲ.

ನಾನು ಎಂಜಿನಿಯರನಲ್ಲ. ಎಸ್ಸೆಸ್ಸೆಲ್ಸಿ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಬ್ಯಾಂಕಿನ ಮಾತಿನಲ್ಲಿಯೇ ಹೇಳುತ್ತೇನೆ.

ದೂರದಲ್ಲಿ ಒಂದು ದೊಡ್ಡ ಗೋದಾಮು ಇದೆ ಎಂದುಕೊಳ್ಳಿ. ನೀವು ಕಟ್ಟು ಕೊಟ್ಟರೆ ಅವರು ಅದಕ್ಕೊಂದು ಹೆಸರಿನ ಚೀಟಿ ಅಂಟಿಸಿ ಇಡುತ್ತಾರೆ. ಒಳಗಿನ ಒಂದು ಹಾಳೆ ಬದಲಾಯಿಸಬೇಕಾದರೆ ಇಡೀ ಕಟ್ಟನ್ನೇ ಹೊಸದಾಗಿ ಕೊಡಬೇಕು. ಇದೇ ಆಬ್ಜೆಕ್ಟ್ ಸ್ಟೋರೇಜ್. 2006ರಲ್ಲಿ ಬಂದ ಅಮೆಜಾನಿನ ಎಸ್3 ಇದನ್ನು ಜನಬಳಕೆಗೆ ತಂದಿತು. ನಮ್ಮ ಕಂಪ್ಯೂಟರಿಗಾದರೋ ಫೋಲ್ಡರ್ ಬೇಕು. ಹಾಗಾಗಿ ನಡುವೆ ಗೇಟ್‌ವೇ ಎಂಬ ಒಬ್ಬ ಗುಮಾಸ್ತ ಕುಳಿತು, ಗೋದಾಮನ್ನು ಫೋಲ್ಡರಿನಂತೆ ತೋರಿಸುತ್ತಾನೆ. ಅವನು ಆಡುವ ಭಾಷೆ ಎರಡು: ಎನ್.ಎಫ್.ಎಸ್. ಮತ್ತು ಎಸ್.ಎಂ.ಬಿ. ಆ ಫೋಲ್ಡರನ್ನು ನಮ್ಮ ಯಂತ್ರಕ್ಕೆ ಜೋಡಿಸುವುದಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ.

ಜೋಡಣೆ ಆಗದಿದ್ದರೆ ಹೊರಗಿನಿಂದ ಒಳಗೆ ಒಂದೊಂದೇ ಮೆಟ್ಟಿಲು ನೋಡುತ್ತ ಹೋಗಿ.

ಮೊದಲನೆಯದು ಕರೆಂಟು. ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ಮೋಡೆಮಿಗಿಂತ ಬೇಗ ಎದ್ದು ಬಾಗಿಲು ಬಡಿಯುತ್ತದೆ. ಆಗ ಒಳಗೆ ಇನ್ನೂ ಯಾರೂ ಇರುವುದಿಲ್ಲ. ಮೊದಲು ಮೋಡೆಮ್, ಆಮೇಲೆ ಗೇಟ್‌ವೇ, ಕೊನೆಗೆ ಕಂಪ್ಯೂಟರ್ ಹಾಕಿ ನೋಡಿ.

ಎರಡನೆಯದು ಹೆಸರು ಮತ್ತು ಬಾಗಿಲು. ಸರ್ವರಿನ ಹೆಸರು ಹಾಕಿದರೆ ವಿಳಾಸದ ಅಂಕಿಗಳು ಸಿಗುತ್ತವೆಯೇ? ಸಿಕ್ಕರೆ ಬಾಗಿಲು ನೋಡಿ. ಎನ್.ಎಫ್.ಎಸ್.ನದು 2049ನೇ ಪೋರ್ಟ್, ಎಸ್.ಎಂ.ಬಿ.ಯದು 445. ಹುಳುಗಳ ಹಾವಳಿಯಿಂದಾಗಿ ಎಷ್ಟೋ ಇಂಟರ್‌ನೆಟ್ ಕಂಪನಿಗಳು ಈ 445ನ್ನು ಮುಚ್ಚಿಯೇ ಇಟ್ಟಿರುತ್ತವೆ. ಆಗ ವಿಂಡೋಸ್ ಸಾಮಾನ್ಯವಾಗಿ "ಹಾದಿ ಸಿಗಲಿಲ್ಲ" ಎಂದು 53ನೇ ದೋಷ ತೋರಿಸುತ್ತದೆ. ಪಾಸ್‌ವರ್ಡ್ ಎಷ್ಟು ಸಲ ಒತ್ತಿದರೂ ಇದು ಸರಿಹೋಗದು.

ಮೂರನೆಯದು ಭಾಷೆ. ಇದು ಗಡಿನಾಡಿನ ನಮಗೆ ಬೇಗ ಅರ್ಥವಾಗುತ್ತದೆ. ಇಬ್ಬರಿಗೂ ಬರುವ ಒಂದು ಭಾಷೆ ಇಲ್ಲದಿದ್ದರೆ ವ್ಯವಹಾರ ನಡೆಯದು. ಹಳೆಯ ಪೆಟ್ಟಿಗೆಗಳು ಎಸ್.ಎಂ.ಬಿ.ಯ ಒಂದನೇ ಆವೃತ್ತಿ ಮಾತ್ರ ಬಲ್ಲವು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಹುಳು ಅದರ ದೋಷವನ್ನೇ ಹಿಡಿದು ಲೋಕವೆಲ್ಲ ಹಬ್ಬಿತು. ಹೊಸ ವಿಂಡೋಸ್ ಅದನ್ನು ತಾನಾಗಿ ಬಳಸುವುದಿಲ್ಲ. ಕೆಲಸ ಆಗಲಿ ಎಂದು ಆ ಹಳೆಯ ಬಾಗಿಲನ್ನು ಮತ್ತೆ ತೆರೆಯಬೇಡಿ, ಪೆಟ್ಟಿಗೆಯನ್ನೇ ಬದಲಾಯಿಸಿ.

ನಾಲ್ಕನೆಯದು ಗುರುತು. "ಪ್ರವೇಶ ಇಲ್ಲ" ಎಂಬ 5ನೇ ದೋಷ ಬಂದರೆ ಒಂದು ಸಮಾಧಾನ, ನೀವು ಬಾಗಿಲವರೆಗೆ ಮುಟ್ಟಿದ್ದೀರಿ. ಹೆಸರು, ಪಾಸ್‌ವರ್ಡ್, ಅನುಮತಿ ನೋಡಿ. ಗಡಿಯಾರವನ್ನೂ ನೋಡಿ. ಕೆರ್ಬರಾಸ್ ಎಂಬ ಗುರುತಿನ ಪದ್ಧತಿ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸ ಒಪ್ಪದು, ಎಸ್3 ಗೋದಾಮು 15 ನಿಮಿಷದವರೆಗೆ ಒಪ್ಪುತ್ತದೆ.

ಐದನೆಯದು ಗುಮಾಸ್ತನ ಹಿಂದಿನ ಬೀಗ. ಗೇಟ್‌ವೇಗೆ ಗೋದಾಮು ಕೊಟ್ಟ ಕೀಲಿ ರದ್ದಾಗಿದ್ದರೆ ನಿಮಗೆ ಕಡತದ ಹೆಸರು ಕಾಣಬಹುದು, ತೆರೆಯಹೋದರೆ ದೋಷ ಬರುತ್ತದೆ. ಆಗ ನಿಮ್ಮ ಕಂಪ್ಯೂಟರನ್ನು ಬಿಚ್ಚಿ ಪ್ರಯೋಜನವಿಲ್ಲ.

ಈಗ ಮುಖ್ಯ ಮಾತು. ಲಿನಕ್ಸ್ ಯಂತ್ರದಲ್ಲಿ ದೂರದ ಗೋದಾಮನ್ನು ಒಂದು ಖಾಲಿ ಫೋಲ್ಡರಿನ ಮೇಲೆ ಜೋಡಿಸುತ್ತಾರೆ. ಜೋಡಣೆ ತಪ್ಪಿದ ದಿನವೂ ಆ ಖಾಲಿ ಫೋಲ್ಡರ್ ಅಲ್ಲಿಯೇ ಇರುತ್ತದೆ. ರಾತ್ರಿ ತಾನಾಗಿ ನಡೆಯುವ ಬ್ಯಾಕಪ್ ಅದರೊಳಗೇ ಬರೆದು "ಮುಗಿಯಿತು" ಎನ್ನುತ್ತದೆ. ಬರೆದದ್ದು ಗೋದಾಮಿಗಲ್ಲ, ಅದೇ ಕೋಣೆಯ ಡಿಸ್ಕಿಗೆ. ಮರುದಿನ ಜೋಡಣೆ ಸರಿಯಾದರೆ ಆ ಕಡತಗಳು ಅದರ ಅಡಿಯಲ್ಲಿ ಮರೆಯಾಗುತ್ತವೆ. ಸಿಡಿಲಿಗೆ ಆ ಯಂತ್ರ ಸುಟ್ಟರೆ ಎರಡು ಪ್ರತಿಯೂ ಒಟ್ಟಿಗೇ ಹೋದಂತೆ. ಹಣ ಲಾಕರಿಗೆ ಹೋಯಿತೆಂದು ಪುಸ್ತಕದಲ್ಲಿ ಬರೆದು, ಕಟ್ಟನ್ನು ಮೇಜಿನ ಡ್ರಾಯರಿನಲ್ಲಿ ಬಿಟ್ಟ ಹಾಗೆ.

ಇದಕ್ಕೆ ಖರ್ಚಿಲ್ಲದ ಉಪಾಯವಿದೆ. ಗೋದಾಮಿನ ಒಳಗೆ ಒಂದು ಗುರುತಿನ ಕಡತ ಇಡಿ. ಅದು ಕಣ್ಣಿಗೆ ಕಾಣದಿದ್ದರೆ ಬ್ಯಾಕಪ್ ಬರೆಯಲೇ ಬಾರದು ಎಂದು ಕಟ್ಟುಮಾಡಿಸಿ. ಲಿನಕ್ಸಿನಲ್ಲಿ ಮೌಂಟ್‌ಪಾಯಿಂಟ್ ಎಂಬ ಆಜ್ಞೆಯೇ ಇದೆ, ಜೋಡಣೆ ಇದೆಯೇ ಇಲ್ಲವೇ ಎಂದು ಅದು ಹೇಳುತ್ತದೆ. ಮರೆಯಾದ ಕಡತಗಳ ಅನುಮಾನವಿದ್ದರೆ ಕೆಲಸ ನಿಲ್ಲಿಸಿ, ಜೋಡಣೆ ಬಿಡಿಸಿ ಅಡಿಯ ಫೋಲ್ಡರ್ ನೋಡಿ. ಸಿಕ್ಕಿದ್ದನ್ನು ಬೇರೆಡೆ ನಕಲು ಮಾಡಿದ ಮೇಲೆಯೇ ಮತ್ತೆ ಜೋಡಿಸಿ.

ಆದ್ದರಿಂದ ಫೋಲ್ಡರ್ ಖಾಲಿ ಕಂಡ ಕೂಡಲೇ ಫಾರ್ಮ್ಯಾಟ್ ಮಾಡಲು, ಎಲ್ಲ ಬೀಗ ತೆಗೆಯಲು ಯಾರಿಗೂ ಒಪ್ಪಿಗೆ ಕೊಡಬೇಡಿ. ಪರದೆಯ ಮೇಲೆ ಬಂದ ದೋಷದ ಮಾತನ್ನೂ ಅಂಕಿಯನ್ನೂ ಹೊತ್ತು ಸಮೇತ ಚೀಟಿಯಲ್ಲಿ ಬರೆದಿಡಿ. ರಿಪೇರಿಗೆ ಬರುವ ಹುಡುಗನಿಗೆ ಅರ್ಧ ಕೆಲಸ ಅದರಿಂದಲೇ ಹಗುರಾಗುತ್ತದೆ. ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿನಿಂದ ಗೋದಾಮಿನ ಒಂದು ಹಳೆಯ ಕಾಗದ ತೆರೆದು ಓದಿ ನೋಡಿ. ಬ್ಯಾಂಕಿನಲ್ಲಿ ದಿನದ ಕೊನೆಗೆ ಹಣವನ್ನು ಎಣಿಸಿಯೇ ಬೀಗ ಹಾಕುತ್ತಿದ್ದೆವು. ಪುಸ್ತಕದಲ್ಲಿ ಬರೆದಿದೆ ಎಂದು ಯಾರೂ ಎಣಿಸದೆ ಮನೆಗೆ ಹೋಗುತ್ತಿರಲಿಲ್ಲ.