ಪರಿಹಾರದ ಅಕ್ಕಿ ಒಂಬತ್ತು ದಿನ ಗೋಡೌನಿನಲ್ಲಿತ್ತು

(ಯರಗಟ್ಟಿಯಲ್ಲಿ ನಡೆದ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ದಿನ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)



 

ಈ ವರ್ಷದ ಜಮಾಖರ್ಚು ತಮ್ಮ ಕೈಯಲ್ಲಿದೆ. ಅದರಲ್ಲಿ ‘ತುರ್ತು ನಿಧಿ’ ಎಂಬ ಸಾಲನ್ನು ನೋಡಿ ಇಬ್ಬರು ದಾನಿಗಳು ಪತ್ರ ಬರೆದು ಕೇಳಿದ್ದಾರೆ: ಮಕ್ಕಳ ಓದಿಗೆಂದು ಕೊಟ್ಟ ಹಣದ ಪಕ್ಕದಲ್ಲಿ ಇದೇನು, ಯಾವ ತುರ್ತು? ಪ್ರಶ್ನೆ ನ್ಯಾಯವಾದದ್ದು. ಉತ್ತರ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ, ಏಕೆಂದರೆ ಅದು 2020ರ ಏಪ್ರಿಲ್ ತಿಂಗಳಲ್ಲಿ ನಮ್ಮಿಂದಲೇ ಆದ ಒಂದು ತಪ್ಪಿನಿಂದ ಶುರುವಾಗುತ್ತದೆ.

ಮಾರ್ಚ್ 25ರಿಂದ ದೇಶವೆಲ್ಲ ಬಂದ್ ಆಗಿತ್ತು. ಟಂಟಂ ಓಡಿಸುವವರು, ಗಾದಿ ಹೊಲಿಯುವವರು, ಸಂತೆಯಲ್ಲಿ ಬಳೆ, ಪಾತ್ರೆ, ಹಣ್ಣು ಮಾರುವವರು ಎಲ್ಲರೂ ಮನೆಯಲ್ಲಿ. ಯಲ್ಲಮ್ಮನ ಗುಡ್ಡದ ಬಾಗಿಲು ಮುಚ್ಚಿದ್ದರಿಂದ ಅಲ್ಲಿ ಅಂಗಡಿ ಹಾಕುತ್ತಿದ್ದ ನಮ್ಮ ಎಷ್ಟೋ ಮನೆಗಳ ಒಲೆಯೂ ತಣ್ಣಗಾಗಿತ್ತು. ಆಗ ಒಬ್ಬ ಸಜ್ಜನರು ಅಕ್ಕಿ ಕಳಿಸಿದರು. ಒಂದು ಕರಾರು ಇತ್ತು: ಚೀಲದ ಮೇಲೆ ತಮ್ಮ ನಾಯಕರ ಭಾವಚಿತ್ರ ಇರಬೇಕು. ನಮ್ಮ ಕಮಿಟಿಯಲ್ಲಿ ಅರ್ಧ ಜನ ಆ ಪಕ್ಷದ ಕಡೆ, ಅರ್ಧ ಜನ ಇನ್ನೊಂದು ಪಕ್ಷದ ಕಡೆ. ಚಿತ್ರ ಇದ್ದರೆ ಹಂಚಲು ಬಿಡುವುದಿಲ್ಲ ಎಂದು ಇವರು, ಚಿತ್ರ ಇಲ್ಲದೆ ಗೋಡೌನು ತೆಗೆಯುವುದಿಲ್ಲ ಎಂದು ಅವರು. ಪಟ್ಟಿಯಲ್ಲಿ ಯಾವ ಓಣಿಯ ಹೆಸರು ಮೊದಲು ಎಂಬ ಜಗಳವೂ ಅದಕ್ಕೆ ಸೇರಿತು. ಅಕ್ಕಿ ಒಂಬತ್ತು ದಿನ ಗೋಡೌನಿನಲ್ಲಿತ್ತು.

ಆ ಒಂಬತ್ತು ದಿನಗಳಲ್ಲಿ ಒಬ್ಬ ತಾಯಿ ಮೂರು ಸಲ ನಮ್ಮ ಬಾಗಿಲಿಗೆ ಬಂದು ಹೋದರು. ಗಂಡ ಇಲ್ಲ, ಹೊಲಿಗೆಯಿಂದ ಮನೆ ನಡೆಸುವವರು. ‘ನಾಳೆ ಬನ್ನಿ ಆಪಾ’ ಎಂದು ಮೂರು ಸಲವೂ ಕಳಿಸಿದವರು ನಾವೇ. ಕೊನೆಗೆ ಅಕ್ಕಿ ಹಂಚಿದಾಗ ಅವರು ಬರಲಿಲ್ಲ, ಕರೆಸಿ ಕೊಟ್ಟೆವು. ಅವರ ಮಗ ಪಿಯುಸಿ ಓದುತ್ತಿದ್ದ, ನಮ್ಮ ವಿದ್ಯಾರ್ಥಿವೇತನದ ಹುಡುಗ. ಬಂದ್ ಸಡಿಲವಾದ ಕೂಡಲೇ ಅವನು ಕೆಲಸ ಹುಡುಕಿಕೊಂಡು ಗೋವಾಕ್ಕೆ ಹೋದ. ಕಾಲೇಜಿಗೆ ತಿರುಗಿ ಬರಲಿಲ್ಲ. ಒಂಬತ್ತು ದಿನದ ಅಕ್ಕಿಯಿಂದಲೇ ಹೀಗಾಯಿತು ಎಂದು ನಾವು ಹೇಳುವುದಿಲ್ಲ. ಆದರೆ ಆ ಮನೆಯವರು ನಮ್ಮ ಮೇಲೆ ಭರವಸೆ ಇಡಬಾರದು ಎಂದು ತೀರ್ಮಾನಿಸಿದ್ದು ಆ ದಿನಗಳಲ್ಲೇ ಎಂಬುದು ನಮಗೆ ಗೊತ್ತಿದೆ.

ಅದೇ ಹೊತ್ತಿನಲ್ಲಿ ಮೇಲಿನವರು ಏನು ಮಾಡುತ್ತಿದ್ದರು ಎಂದು ಆಮೇಲೆ ಕುಳಿತು ನೋಡಿದೆವು. ಮೇ 3, 2020ರಂದು ಕೆಪಿಸಿಸಿ ಅಧ್ಯಕ್ಷ ಡಿ. ಕೆ. ಶಿವಕುಮಾರ್ ಅವರು ಕೆಎಸ್‌ಆರ್‌ಟಿಸಿಗೆ ಒಂದು ಕೋಟಿ ರೂಪಾಯಿಯ ಚೆಕ್ ಕೊಟ್ಟರು. ಊರಿಗೆ ಹೋಗುವ ಕೂಲಿಕಾರರಿಂದ ಟಿಕೆಟ್ ಹಣ ವಸೂಲಿ ಮಾಡಬೇಡಿ, ಬೇಕಾದರೆ ನಾವು ಕೊಡುತ್ತೇವೆ ಎಂಬುದು ಅದರ ಅರ್ಥ. ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರ ಸರ್ಕಾರ ಅಂದೇ ಮೂರು ದಿನ ಉಚಿತ ಪ್ರಯಾಣ ಎಂದು ಘೋಷಿಸಿತು. ಇದು ರಾಜಕೀಯವೇ, ಎರಡೂ ಕಡೆ. ಆದರೆ ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ಗಂಟು ಹೊತ್ತು ನಿಂತಿದ್ದ ಕೂಲಿಯವನಿಗೆ ಆ ಪೈಪೋಟಿಯಿಂದ ಟಿಕೆಟ್ ಹಣ ಉಳಿಯಿತು. ನಮ್ಮ ಕಮಿಟಿಯ ಜಗಳದಿಂದ ಯಾರಿಗೂ ಏನೂ ಉಳಿಯಲಿಲ್ಲ. ವ್ಯತ್ಯಾಸ ಅಷ್ಟೆ.

ಮೇ 6ರಂದು 1,610 ಕೋಟಿ ರೂಪಾಯಿಯ ಪರಿಹಾರ ಬಂತು. ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಸಲ 5,000 ರೂಪಾಯಿ. ಹೂವು ಬೆಳೆದವರಿಗೆ ಹೆಕ್ಟೇರಿಗೆ 25,000. ಕಟ್ಟಡ ಕಾರ್ಮಿಕರಿಗೆ ಮೊದಲು ಕೊಟ್ಟ 2,000ದ ಮೇಲೆ ಇನ್ನೂ 3,000. ಕೈಮಗ್ಗ ನೇಕಾರರಿಗೆ 2,000. ರಾಮದುರ್ಗದ ಕಡೆಯವರಿಗೆ ಇದರ ಬೆಲೆ ಗೊತ್ತು. ಇದು ಸಾಲದು ಎಂದು ವಿರೋಧ ಪಕ್ಷಗಳು ಹೇಳಿದವು, ಪವರ್‌ಲೂಮಿನವರನ್ನು ಬಿಟ್ಟಿದ್ದೀರಿ ಎಂದು ನೇಕಾರರು ಕೂಗಿದರು, ಕೆಲವೇ ದಿನಗಳಲ್ಲಿ ಅವರ ಕಾರ್ಮಿಕರೂ ಪಟ್ಟಿಗೆ ಸೇರಿದರು. ಗೋವಿನಜೋಳದ ರೈತರಿಗೂ 5,000 ಎಂದಾಯಿತು. ಯಾರು ಕೇಳಿದರೋ ಅವರು ಪಟ್ಟಿಗೆ ಬಂದರು. ಕೇಳಲು ಸಂಘವಿಲ್ಲದವರು ಹೊರಗೆ ಉಳಿದರು. ಗಾದಿ ಹೊಲಿಯುವ ನಮ್ಮ ನದಾಫ ಬಂಧುಗಳಿಗಾಗಿ ಆ ದಿನ ವಿಧಾನಸೌಧದ ಮುಂದೆ ಮಾತನಾಡಿದವರು ಯಾರು?

ಪಟ್ಟಿಯಲ್ಲಿ ಇದ್ದವರ ಕಥೆಯೂ ಸುಲಭವಲ್ಲ. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು, ಲೈಸೆನ್ಸ್ ಬೇಕು, ಗಾಡಿಯ ಕಾಗದ ಬೇಕು. ಮಾಲೀಕರ ಗಾಡಿ ಓಡಿಸುವವನು ಕಾಗದ ಎಲ್ಲಿಂದ ತರುವುದು? ಕಟ್ಟಡ ಕಾರ್ಮಿಕರ ಹಣ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆದವರಿಗೆ ಮಾತ್ರ. ಇಪ್ಪತ್ತು ವರ್ಷ ಗೌಂಡಿ ಕೆಲಸ ಮಾಡಿ ಒಂದು ಸಲವೂ ನೋಂದಣಿ ಮಾಡಿಸದವರು ನಮ್ಮಲ್ಲಿ ಓಣಿಗೊಬ್ಬರು ಸಿಗುತ್ತಾರೆ. ನಾವು ಆ ದಿನಗಳಲ್ಲಿ ಅಕ್ಕಿಯ ಚೀಲಕ್ಕೆ ಜಗಳವಾಡುವ ಬದಲು ಇಬ್ಬರು ಹುಡುಗರನ್ನು ಒಂದು ಕಂಪ್ಯೂಟರ್ ಮುಂದೆ ಕೂರಿಸಿದ್ದರೆ ಎಷ್ಟೋ ಮನೆಗಳಿಗೆ ಐದೈದು ಸಾವಿರ ಬರುತ್ತಿತ್ತು. ಅದೂ ನಮಗೆ ತಡವಾಗಿ ಹೊಳೆಯಿತು.

ಈಗ ಸ್ವಲ್ಪ ದೊಡ್ಡ ಮಾತು. ಓದುವ ಮಕ್ಕಳು ಇದನ್ನು ಗಮನವಿಟ್ಟು ಕೇಳಬೇಕು.

ಜನರ ಹಣವನ್ನು ಖರ್ಚು ಮಾಡಲು ಸದನದ ಒಪ್ಪಿಗೆ ಬೇಕು ಎಂದು ನಾವು ಪೌರನೀತಿಯಲ್ಲಿ ಓದುತ್ತೇವೆ. ಆದರೆ ಲೋಕಸಭೆ 2020ರ ಮಾರ್ಚ್ 23ರಂದು ಹಣಕಾಸು ಮಸೂದೆಯನ್ನು ಚರ್ಚೆಯಿಲ್ಲದೆ ಪಾಸು ಮಾಡಿ ಎದ್ದಿತು. ಮೂರು ದಿನದ ಮೇಲೆ ಕೇಂದ್ರದ 1.70 ಲಕ್ಷ ಕೋಟಿಯ ಗರೀಬ್ ಕಲ್ಯಾಣ ಘೋಷಣೆ ಬಂತು. ನಮ್ಮ ವಿಧಾನಸಭೆಯೂ ಮಾರ್ಚ್ 24ಕ್ಕೆ ಮುಗಿಯಿತು. ನಮ್ಮ ಸವದತ್ತಿ ಕ್ಷೇತ್ರದ ಶಾಸಕರಾಗಿದ್ದ ದಿವಂಗತ ಆನಂದ ಮಾಮನಿಯವರು ಉಪಸಭಾಧ್ಯಕ್ಷರಾಗಿ ಆಯ್ಕೆಯಾದದ್ದು ಅದೇ ದಿನ. ಮತ್ತೆ ಸದನ ಸೇರಿದ್ದು ಸೆಪ್ಟೆಂಬರ್ 21ಕ್ಕೆ. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದು ಎಂದು ಸಂವಿಧಾನ ಹೇಳುತ್ತದೆ. ಆ ಗಡುವು ಮುಗಿಯಲು ಎರಡು ಮೂರು ದಿನ ಉಳಿದಿತ್ತು. ಹೀಗಾಗಿ ಆ 1,610 ಕೋಟಿ ಯಾರಿಗೆ, ಎಷ್ಟು ಎಂಬುದು ಪತ್ರಿಕಾಗೋಷ್ಠಿಯಲ್ಲಿ ತಿಳಿಯಿತೇ ಹೊರತು ಸದನದಲ್ಲಿ ಅಲ್ಲ. ಪೂರಕ ಅಂದಾಜುಗಳು ಸದನಕ್ಕೆ ಬರುವ ಹೊತ್ತಿಗೆ ಹಣ ಹಂಚುವ ಕ್ರಮ ತೀರ್ಮಾನವಾಗಿತ್ತು. ಆ ಅಧಿವೇಶನ ನಡೆಯುತ್ತಿರುವಾಗಲೇ, ಸೆಪ್ಟೆಂಬರ್ 23ರಂದು, ನಮ್ಮ ಬೆಳಗಾವಿಯ ಸಂಸದರೂ ಕೇಂದ್ರ ಮಂತ್ರಿಗಳೂ ಆಗಿದ್ದ ಸುರೇಶ ಅಂಗಡಿಯವರು ಕೋವಿಡ್‌ನಿಂದ ತೀರಿಕೊಂಡರು. 26ರಂದು ಸಿದ್ದರಾಮಯ್ಯನವರ ಅವಿಶ್ವಾಸ ನಿರ್ಣಯ ಧ್ವನಿಮತದಿಂದ ಬಿದ್ದುಹೋಯಿತು.

ಸದನ ಕೂತಿದ್ದರೆ ಎಲ್ಲ ಸರಿಹೋಗುತ್ತಿತ್ತೇ? ಅಮೆರಿಕದ ಕಡೆ ನೋಡಿದರೆ ಹಾಗೆ ಹೇಳಲು ಧೈರ್ಯ ಬರುವುದಿಲ್ಲ. ಅಲ್ಲಿ 2020ರ ಮಾರ್ಚ್ 27ಕ್ಕೆ ಎರಡೂ ಪಕ್ಷ ಸೇರಿ ಎರಡು ಲಕ್ಷ ಕೋಟಿ ಡಾಲರಿಗೂ ಮೀರಿದ ಪರಿಹಾರ ಕಾಯ್ದೆ ಮಾಡಿದವು. ಮೇ 15ರಂದು ಕೆಳಮನೆ ಇನ್ನೊಂದು ಮಸೂದೆ ಪಾಸು ಮಾಡಿತು, ಮೇಲ್ಮನೆ ಅದನ್ನು ಮುಟ್ಟಲಿಲ್ಲ. ರಾಜ್ಯಗಳಿಗೆ, ನಗರಗಳಿಗೆ ಹಣ ಬೇಕು ಎಂದು ಒಂದು ಪಕ್ಷ. ಕಂಪನಿಗಳ ಮೇಲೆ ಕೋವಿಡ್ ದಾವೆ ಹೂಡದಂತೆ ರಕ್ಷಣೆ ಬೇಕು ಎಂದು ಇನ್ನೊಂದು ಪಕ್ಷ. ಕೆಲಸ ಕಳೆದುಕೊಂಡವರಿಗೆ ವಾರಕ್ಕೆ 600 ಡಾಲರ್ ಹೆಚ್ಚುವರಿ ಸಿಗುತ್ತಿದ್ದದ್ದು ಜುಲೈ ಕೊನೆಗೆ ನಿಂತಿತು. ನವೆಂಬರಿನಲ್ಲಿ ಚುನಾವಣೆ ಮುಗಿಯಿತು. ಮುಂದಿನ ಕಾಯ್ದೆಗೆ ಸಹಿ ಬಿದ್ದದ್ದು ಡಿಸೆಂಬರ್ 27ಕ್ಕೆ. ಇದನ್ನು ಓದಿದಾಗ ನಮಗೆ ನಗು ಬರಲಿಲ್ಲ, ನಮ್ಮ ಗೋಡೌನು ನೆನಪಾಯಿತು. ಆದರೂ ಅಲ್ಲಿ ಯಾರು ಯಾವುದಕ್ಕೆ ಅಡ್ಡ ನಿಂತರು ಎಂಬುದು ದಾಖಲೆಯಲ್ಲಿ ಉಳಿದಿದೆ. ನಮ್ಮ ಕಮಿಟಿಯ ಆ ಒಂಬತ್ತು ದಿನಗಳ ನಡಾವಳಿ ಪುಸ್ತಕ ಖಾಲಿ ಇದೆ.

ಪಕ್ಷಗಳ ನಡುವೆ ಮಾತ್ರವಲ್ಲ, ಕೇಂದ್ರ ಮತ್ತು ರಾಜ್ಯದ ನಡುವೆಯೂ ಕರಾರು ನಡೆಯಿತು. ರಾಜ್ಯಗಳು ತಮ್ಮ ಉತ್ಪನ್ನದ ಶೇ. 3ರಷ್ಟು ಸಾಲ ಮಾಡಬಹುದಿತ್ತು, 2020ರ ಮೇ ತಿಂಗಳಲ್ಲಿ ಅದನ್ನು ಶೇ. 5ಕ್ಕೆ ಏರಿಸಿದರು. ಏರಿದ ಶೇ. 2ರಲ್ಲಿ ಶೇ. 0.5 ಮಾತ್ರ ಷರತ್ತಿಲ್ಲದೆ. ಉಳಿದದ್ದಕ್ಕೆ ಒಂದು ದೇಶ ಒಂದು ರೇಷನ್ ಕಾರ್ಡ್, ವಿದ್ಯುತ್, ನಗರಸಭೆ, ವ್ಯಾಪಾರದ ಅನುಕೂಲ ಎಂದು ಸುಧಾರಣೆಗಳ ಷರತ್ತು. ಕರ್ನಾಟಕ ತನ್ನ ವಿತ್ತೀಯ ಹೊಣೆಗಾರಿಕೆ ಕಾಯ್ದೆಗೆ ತಿದ್ದುಪಡಿ ತಂದು ಸಾಲದ ದಾರಿ ಮಾಡಿಕೊಂಡಿತು. ಆ ಸಾಲವನ್ನು ತೀರಿಸಬೇಕಾದವರು ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತ ಈ ಮಕ್ಕಳೇ.

2021ರಲ್ಲಿ ಎರಡನೆಯ ಅಲೆ. ಏಪ್ರಿಲ್ 17ಕ್ಕೆ ನಮ್ಮ ಬೆಳಗಾವಿ ಲೋಕಸಭೆಗೆ ಉಪಚುನಾವಣೆ ಇತ್ತು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಲ್ಲ ಅದರಲ್ಲೇ ಬರುತ್ತವೆ. ಪ್ರಚಾರದ ಗಾಡಿಗಳು ಓಣಿ ಓಣಿ ತಿರುಗಿದವು. ಮಂಗಲಾ ಅಂಗಡಿಯವರು ಐದು ಸಾವಿರಕ್ಕೆ ಸ್ವಲ್ಪ ಮೇಲಿನ ಅಂತರದಿಂದ ಗೆದ್ದರು. ಆ ತಿಂಗಳ ಕೊನೆಗೆ ಮತ್ತೆ ಎಲ್ಲ ಬಂದ್. ಬಡ ಕುಟುಂಬಕ್ಕೆ ಹತ್ತು ಸಾವಿರ ಕೊಡಿ ಎಂದು ಸಿದ್ದರಾಮಯ್ಯನವರು ಪಟ್ಟು ಹಿಡಿದರು. ಕಾಂಗ್ರೆಸ್ಸಿನವರು ನೂರು ಕೋಟಿಯ ಲಸಿಕೆ ತಾವೇ ಕೊಳ್ಳುತ್ತೇವೆ, ಅದರಲ್ಲಿ ಹೆಚ್ಚಿನ ಭಾಗ ಶಾಸಕರ ನಿಧಿಯಿಂದ ಎಂದರು. ಶಾಸಕರ ನಿಧಿ ಸರ್ಕಾರದ್ದೇ ಹಣವಲ್ಲವೇ ಎಂದು ಆಳುವ ಪಕ್ಷ ಕೇಳಿತು. ಅದು ಅಲ್ಲಿಗೇ ನಿಂತಿತು. ಮೇ 19ರಂದು 1,250 ಕೋಟಿಯ ಪರಿಹಾರ ಬಂತು: ಚಾಲಕರಿಗೆ 3,000, ಟೇಲರ್, ಹಮಾಲ, ಮೆಕ್ಯಾನಿಕ್, ಮನೆಗೆಲಸದವರಿಗೆ 2,000. ಹಿಂದಿನ ವರ್ಷ ಕೇಳುವವರಿಲ್ಲದ ಟೇಲರ್ ಈ ಸಲ ಪಟ್ಟಿಯಲ್ಲಿದ್ದರು, ಮೊತ್ತ ಮಾತ್ರ ಇಳಿದಿತ್ತು. ಜೂನ್ 3ರ ಎರಡನೆಯ ಪಟ್ಟಿಯಲ್ಲಿ ದೇವಸ್ಥಾನದ ಅರ್ಚಕರ ಜೊತೆ ಮಸೀದಿಯ ಪೇಶ್ ಇಮಾಮರಿಗೆ, ಮೌಜನರಿಗೆ 3,000, ಅನುದಾನವಿಲ್ಲದ ಶಾಲೆಗಳ ಶಿಕ್ಷಕರಿಗೆ 5,000 ಎಂದಿತ್ತು.

ಆ ಸಲ ನಾವು ಕಂಪ್ಯೂಟರ್ ಮುಂದೆ ಕುಳಿತಿದ್ದೆವು. ಯರಗಟ್ಟಿ ತಾಲೂಕೆಂದು ಹೆಸರಾಗಿದ್ದರೂ ಎಷ್ಟೋ ಕಾಗದಕ್ಕೆ ಸವದತ್ತಿಗೇ ಹೋಗಬೇಕಿತ್ತು, ಬಸ್ ಇರಲಿಲ್ಲ, ನಮ್ಮ ಹುಡುಗರು ಬೈಕಿನಲ್ಲಿ ಹೋಗಿ ತಂದರು. ಜಾತಿ ಮತ ಕೇಳದೆ ಬಂದವರ ಅರ್ಜಿಯನ್ನೆಲ್ಲ ತುಂಬಿದೆವು. ಆ ಹೊಲಿಗೆಯ ತಾಯಿಯ ಅರ್ಜಿಯನ್ನು ಅವರ ಮನೆಗೇ ಹೋಗಿ ತುಂಬಿದೆವು. ಅವರು ಚಹಾ ಕೊಟ್ಟರು, ಹಿಂದಿನ ಮಾತು ಎತ್ತಲಿಲ್ಲ.

ಈಗ ದಾನಿಗಳ ಪ್ರಶ್ನೆಗೆ ಬರುತ್ತೇವೆ. ತುರ್ತು ನಿಧಿಯಲ್ಲಿ ಜಕಾತಿನ ಒಂದು ಪೈಸೆಯೂ ಇಲ್ಲ. ಜಕಾತು ಬಂದ ವರ್ಷವೇ ಹಕ್ಕುದಾರರಿಗೆ ಸೇರುತ್ತದೆ, ಕೂಡಿಡುವುದಿಲ್ಲ. ಈ ನಿಧಿ ಸದಕಾ ಮತ್ತು ಸಾಮಾನ್ಯ ದೇಣಿಗೆಯಿಂದ ಆದದ್ದು. ಅಧ್ಯಕ್ಷರು, ಖಜಾಂಚಿ ಮತ್ತು ಕಮಿಟಿಯ ಹೊರಗಿನ ಒಬ್ಬ ಹಿರಿಯರು, ಈ ಮೂವರ ಸಹಿ ಸಾಕು. ಸಭೆ ಕರೆಯುವುದು ಬೇಡ. ಮೂರು ದಿನದೊಳಗೆ ಹಂಚಬೇಕು. ಲೆಕ್ಕ ಮುಂದಿನ ಜುಮಾ ದಿನ ಮಸೀದಿಯ ಗೋಡೆಗೆ ಅಂಟಿಸಬೇಕು. ಚೀಲದ ಮೇಲೆ ಯಾರ ಚಿತ್ರವೂ ಇರಕೂಡದು, ನಮ್ಮ ಟ್ರಸ್ಟಿನ ಹೆಸರು ಕೂಡ. ಈ ನಿಯಮಕ್ಕೆ ಎರಡೂ ಕಡೆಯವರು ಸಹಿ ಹಾಕಿದ್ದಾರೆ, ಬಹಳ ಚೌಕಾಸಿಯ ನಂತರ ಎಂಬುದನ್ನು ಮುಚ್ಚಿಡುವುದಿಲ್ಲ.

ಪೋಷಕರಿಗೆ ಒಂದು ಸೂಚನೆ. ಕೇಂದ್ರದ ಅಲ್ಪಸಂಖ್ಯಾತರ ಪ್ರಿ-ಮೆಟ್ರಿಕ್ ವಿದ್ಯಾರ್ಥಿವೇತನ 2022ರಿಂದ ಒಂದರಿಂದ ಎಂಟನೆಯ ತರಗತಿಗೆ ಇಲ್ಲ. ಅದಕ್ಕಾಗಿ ಈ ವರ್ಷ ಆರು, ಏಳು, ಎಂಟನೆಯ ತರಗತಿಯ ಹೆಣ್ಣುಮಕ್ಕಳ ಅರ್ಜಿಗಳನ್ನೂ ನಾವು ತೆಗೆದುಕೊಳ್ಳುತ್ತೇವೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ತನ್ನಿ. ಕಾಗದ ಕಡಿಮೆ ಇದ್ದರೂ ಬನ್ನಿ, ಮಾಡಿಸಿಕೊಡಲು ಹುಡುಗರಿದ್ದಾರೆ. ತಂದೆ ಗೌಂಡಿ ಅಥವಾ ಸೆಂಟ್ರಿಂಗ್ ಕೆಲಸದವರಾಗಿದ್ದರೆ ಕಟ್ಟಡ ಕಾರ್ಮಿಕರ ನೋಂದಣಿಯನ್ನೂ ಅಲ್ಲೇ ಮಾಡಿಸುತ್ತೇವೆ. ಫಾರ್ಮು ಪ್ರತಿ ಶುಕ್ರವಾರ ಜುಮಾ ನಮಾಜಿನ ನಂತರ ಟ್ರಸ್ಟಿನ ಕಚೇರಿಯಲ್ಲಿ ಸಿಗುತ್ತದೆ.

ಗೋವಾಕ್ಕೆ ಹೋದ ಆ ಹುಡುಗ ಈಗ ಅಲ್ಲಿ ಟೈಲ್ಸ್ ಕೂರಿಸುವ ಕೆಲಸ ಮಾಡುತ್ತಾನೆ. ಅವನ ತಂಗಿಯ ಹೆಸರು ಇಂದಿನ ಪಟ್ಟಿಯಲ್ಲಿದೆ. ಹೆಸರು ಕರೆಯಲು ಖಜಾಂಚಿಯವರು ಮುಂದೆ ಬರಬೇಕು.