ಅಜ್ಜನ ಯೆಜ್ಡಿಗೆ ಹೊಸ ಬಿಡಿಭಾಗ



ನಿಮ್ಮ ಮನೆಯ ಕೊಟ್ಟಿಗೆಯಲ್ಲೋ ನೆಂಟರ ಮನೆಯ ಹಿತ್ತಿಲಿನಲ್ಲೋ ಹಳೆಯ ಯೆಜ್ಡಿ ಮೋಟಾರ್ ಸೈಕಲೊಂದು ಗೋಣಿಚೀಲ ಹೊದ್ದು ನಿಂತಿರಬಹುದು. ಹೊರದೇಶದ ತೋಟಗಳಲ್ಲಿ ಎ.ಟಿ.ವಿ. ಎಂಬ ನಾಲ್ಕು ದಪ್ಪ ಚಕ್ರಗಳ ಗಾಡಿಯನ್ನು ನೀವು ಚಿತ್ರಗಳಲ್ಲಿ ನೋಡಿದ್ದೀರಿ. ಅದು ಮಾಡುವ ಕೆಲಸವನ್ನು ನಮ್ಮ ಬೀದರ್ ಜಿಲ್ಲೆಯ ಹೊಲದ ದಾರಿಗಳಲ್ಲಿ ಬಹುಕಾಲ ಮಾಡಿಕೊಂಡು ಬಂದದ್ದು ಇಂಥ ಮೋಟಾರ್ ಸೈಕಲ್ಲುಗಳೇ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಮೇವಿನ ಹೊರೆ, ಅದರ ಮೇಲೊಬ್ಬ ಮನುಷ್ಯ, ಎಲ್ಲವನ್ನೂ ಅವು ಹೊತ್ತಿವೆ. ಅಂಥದೊಂದು ಗಾಡಿಯನ್ನು ಮತ್ತೆ ಓಡುವಂತೆ ಮಾಡುವುದು ಹೇಗೆ, ಅದಕ್ಕೆ ಪೇಟೆಯಲ್ಲಿ ಸಿಗುವ ಹೊರಗಿನ ಬಿಡಿಭಾಗಗಳನ್ನು ಹೊಂದಿಸುವುದು ಹೇಗೆ ಎಂಬುದು ಈ ಹೊತ್ತಿನ ವಿಷಯ. ಪರದೆಯ ಮೇಲೆ ಕೈಚಳಕವನ್ನಷ್ಟೇ ತೋರಿಸಲು ಸಾಧ್ಯ. ಹಿಂದಿನ ಲೆಕ್ಕಕ್ಕೆ ಅಚ್ಚಿನ ಪುಟವೇ ಸರಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎರಡು ಮಾತಿನ ಚರಿತ್ರೆ. ಜಾವಾ ಎಂಬುದು ಚೆಕೊಸ್ಲೊವಾಕಿಯದಲ್ಲಿ 1929 ರಲ್ಲಿ ಹುಟ್ಟಿದ ಹೆಸರು. ಯಾನೆಚೆಕ್ ಮತ್ತು ವಾಂಡರರ್ ಎಂಬ ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಮಾಡಿದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961 ರಿಂದ ಆ ಗಾಡಿಗಳನ್ನು ತಯಾರಿಸಿತು. 1970 ರ ದಶಕದ ಆರಂಭದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996 ರಲ್ಲಿ ಕಾರ್ಖಾನೆ ಮುಚ್ಚಿತು. ಯೆಜ್ಡಿ ಹೆಸರಿನ ಹೊಸ ಗಾಡಿಗಳು 2022 ರಿಂದ ಮಾರುಕಟ್ಟೆಯಲ್ಲಿವೆ, ಆದರೆ ಅವುಗಳ ಎಂಜಿನ್ನೇ ಬೇರೆ. ಅದರ ಭಾಗ ಇದಕ್ಕೆ ಕೂರುವುದಿಲ್ಲ. ಹೀಗಾಗಿ ಹಳೆಯ ಯೆಜ್ಡಿಗೆಂದು ಇಂದು ಅಂಗಡಿಯವರು ಕೊಡುವ ಭಾಗ ಒಂದೋ ಎಲ್ಲೋ ಉಳಿದ ಹಳೆಯ ದಾಸ್ತಾನು, ಇಲ್ಲವೇ ಬೇರೆ ಯಾರೋ ಮಾದರಿ ನೋಡಿ ತಯಾರಿಸಿದ್ದು. ಎರಡನೆಯದೇ ಹೆಚ್ಚು. ಅದರಲ್ಲಿ ಒಳ್ಳೆಯದೂ ಉಂಟು, ಕೆಟ್ಟದ್ದೂ ಉಂಟು. ಪೊಟ್ಟಣದ ಬಣ್ಣ ನೋಡಿ ಹೇಳಲಾಗುವುದಿಲ್ಲ.

ಚಿತ್ರೀಕರಣಕ್ಕೆಂದು ಬೀದರ್ ಜಿಲ್ಲೆಯ ಮನ್ನಳ್ಳಿಗೆ ಹೋಗಿದ್ದಾಗ ಪದವಿ ಓದುವ ಹುಡುಗನೊಬ್ಬ ತನ್ನ ಅಜ್ಜನ ಗಾಡಿಯನ್ನು ನಮಗೆ ತೋರಿಸಿದ. ಸಿಕಂದರಾಬಾದಿನ ರಾಣಿಗಂಜಿಗೆ ಹೋಗಿ ಒಂದು ಚೀಲ ತುಂಬ ಸಾಮಾನು ತಂದಿದ್ದ. ಪಿಸ್ಟನ್ ಮತ್ತು ರಿಂಗುಗಳ ಕಿಟ್ಟು, ಮಿಕುನಿ ಮಾದರಿಯ ಕಾರ್ಬ್ಯುರೇಟರ್, ಎಲೆಕ್ಟ್ರಾನಿಕ್ ಇಗ್ನಿಷನ್ ಜೋಡಣೆ, ಮುಚ್ಚಳವಿಲ್ಲದ ಏರ್ ಫಿಲ್ಟರು, ಎಲ್ಲವೂ ಇದ್ದವು. ಎಲ್ಲವನ್ನೂ ಆ ಭಾನುವಾರವೇ ಕೂಡಿಸುವ ಉತ್ಸಾಹ. ಪಕ್ಕದಲ್ಲಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ನಕ್ಕು, "ಒಂದ್ ದಿನಕ್ಕ ಒಂದೇ ಸಾಮಾನ್ ಬದ್ಲಿ ಮಾಡಪ್ಪ, ಇಲ್ಲಾಂದ್ರ ಯಾವುದು ಸುಧಾರಿಸ್ತು ಯಾವುದು ಕೆಡಿಸ್ತು ಗೊತ್ತಾಗಂಗಿಲ್ಲ" ಎಂದರು. ನಿಮ್ಮ ಪ್ರಯೋಗಶಾಲೆಯಲ್ಲಿ ಅಧ್ಯಾಪಕರು ಹೇಳುವುದೂ ಇದನ್ನೇ ಅಲ್ಲವೇ? ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು, ಉಳಿದವನ್ನು ಹಾಗೆಯೇ ಇಡಬೇಕು.

ಆ ಗಾಡಿಯ ದೂರು ಏನಾಗಿತ್ತು? ಬಿಳಿ ಹೊಗೆ ವಿಪರೀತ, ಪ್ಲಗ್ ಪದೇ ಪದೇ ಎಣ್ಣೆಯಲ್ಲಿ ನೆನೆಯುತ್ತಿತ್ತು. ರಿಂಗು ಸವೆದಿದೆ ಎಂದು ಹುಡುಗ ತೀರ್ಮಾನಿಸಿದ್ದ. ಮೆಕ್ಯಾನಿಕ್ ಮಾತ್ರ ಪ್ಲಗ್ಗಿನ ಕಡೆ ತಿರುಗಿಯೂ ನೋಡದೆ ಗೇರ್ ಬಾಕ್ಸಿನ ಎಣ್ಣೆಯ ಮಟ್ಟ ನೋಡಿದರು. ಎಣ್ಣೆ ಕಡಿಮೆಯಾಗಿತ್ತು, ಆದರೆ ನೆಲದ ಮೇಲೆ ಒಂದು ತೊಟ್ಟೂ ಸೋರಿರಲಿಲ್ಲ. ಹಾಗಿದ್ದರೆ ಅದು ಹೋದದ್ದೆಲ್ಲಿಗೆ?

ಇದನ್ನು ತಿಳಿಯಬೇಕಾದರೆ ಎರಡು ಹೊಡೆತದ ಎಂಜಿನ್ನಿನ ಗುಟ್ಟು ಗೊತ್ತಿರಬೇಕು. ಅದರಲ್ಲಿ ಕವಾಟಗಳಿಲ್ಲ. ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್ ಕೋಶದಲ್ಲಿ ಒತ್ತಡ ಇಳಿದು ಗಾಳಿ, ಪೆಟ್ರೋಲ್, ಎಣ್ಣೆಗಳ ಮಿಶ್ರಣ ಒಳಗೆ ಬರುತ್ತದೆ. ಪಿಸ್ಟನ್ ಇಳಿಯುವಾಗ ಅದೇ ಮಿಶ್ರಣ ಒತ್ತಿಸಿಕೊಂಡು ಸಿಲಿಂಡರಿನ ಗೋಡೆಯ ಕಂಡಿಗಳ ಮೂಲಕ ಮೇಲಕ್ಕೆ ನುಗ್ಗುತ್ತದೆ. ಅಂದರೆ ಕ್ರ್ಯಾಂಕ್ ಕೋಶವೇ ಒಂದು ಪಂಪು. ಪಂಪಿಗೆ ಎರಡು ಕಡೆಯೂ ಗಾಳಿಯಾಡದಂತೆ ರಬ್ಬರಿನ ಎಣ್ಣೆ ಸೀಲುಗಳಿರುತ್ತವೆ. ಯೆಜ್ಡಿಯಲ್ಲಿ ಎಡಗಡೆ ಕ್ಲಚ್ ಮತ್ತು ಪ್ರೈಮರಿ ಸರಪಳಿ ಇದ್ದು ಅಲ್ಲಿ ಗೇರಿನ ಎಣ್ಣೆಯೇ ಓಡಾಡುತ್ತದೆ; ಬಲಗಡೆ ಡೈನಮೊ ಇರುತ್ತದೆ, ಅಲ್ಲಿ ಬರೀ ಗಾಳಿ. ಎಡಗಡೆಯ ಸೀಲು ಹಳಸಿದರೆ ಪಂಪು ಗೇರಿನ ಎಣ್ಣೆಯನ್ನು ಹೀರಿ ಸುಡುತ್ತದೆ, ಬಿಳಿ ಹೊಗೆ ಬರುತ್ತದೆ. ಬಲಗಡೆಯದು ಹಳಸಿದರೆ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಬರುತ್ತದೆ. ಹೊಗೆ ಕಾಣುವುದಿಲ್ಲ, ಆದರೆ ಆಕ್ಸಿಲರೇಟರ್ ಬಿಟ್ಟ ಮೇಲೂ ಎಂಜಿನ್ನಿನ ವೇಗ ಇಳಿಯದೆ ಕೂಗುತ್ತಿರುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ. ಮನ್ನಳ್ಳಿಯ ಗಾಡಿಗೆ ಆಗಿದ್ದು ಮೊದಲನೆಯದು. ಪಿಸ್ಟನ್ ಕಿಟ್ಟಿನ ಬೆಲೆಯ ಮುಂದೆ ಒಂದು ಸೀಲಿನ ಬೆಲೆ ಏನೇನೂ ಅಲ್ಲ. ಹುಡುಗನ ಚೀಲದಲ್ಲಿ ಇಲ್ಲದೆ ಇದ್ದದ್ದು ಅದೊಂದೇ!

ಪಿಸ್ಟನ್ ನಿಜವಾಗಿಯೂ ಸವೆದಿದ್ದರೆ ಬದಲಿಸಲೇಬೇಕು. ಯೆಜ್ಡಿಯ ಸಿಲಿಂಡರಿನ ವ್ಯಾಸ 65 ಮಿಲಿಮೀಟರ್, ಪಿಸ್ಟನ್ನಿನ ಓಡಾಟ 75 ಮಿಲಿಮೀಟರ್. ಗಾತ್ರವನ್ನು ನೀವೇ ಲೆಕ್ಕ ಹಾಕಿ ನೋಡಿ, 249 ಘನ ಸೆಂಟಿಮೀಟರ್ ಹತ್ತಿರ ಬರುತ್ತದೆ. ಆದರೆ ಕಿಟ್ಟಿನ ಮೇಲೆ 65 ಎಂದು ಮುದ್ರಿಸಿದ್ದನ್ನು ನಂಬಬೇಡಿ. ಲೇತ್ ಅಂಗಡಿಯಲ್ಲಿ ಮೈಕ್ರೋಮೀಟರ್ ಇರುತ್ತದೆ, ನಿಮ್ಮ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದ ಸ್ಕ್ರೂಗೇಜಿನ ಅಣ್ಣ ಅದು. ಹೊಸ ಪಿಸ್ಟನ್ನನ್ನು ಮೊದಲು ಅಳೆದು, ಅದಕ್ಕೆ ತಕ್ಕಂತೆ ಸಿಲಿಂಡರನ್ನು ಕೊರೆಸಬೇಕೇ ಹೊರತು ಕೊರೆಸಿ ಬಂದ ಮೇಲೆ ಪಿಸ್ಟನ್ ಹುಡುಕುವುದಲ್ಲ. ಅಲ್ಯೂಮಿನಿಯಂ ಬಿಸಿಯಾದಾಗ ಬೀಡುಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ತಣ್ಣಗಿದ್ದಾಗ ಬೆರಳಿಗೆ ಸರಾಗವಾಗಿ ಜಾರಿದ ಪಿಸ್ಟನ್, ಕಾದಾಗ ಗೋಡೆಗೆ ಕಚ್ಚಿಕೊಳ್ಳುವುದು ಇದರಿಂದಲೇ. ರಿಂಗನ್ನು ಪಿಸ್ಟನ್ನಿಗೆ ತೊಡಿಸುವ ಮೊದಲು ಸಿಲಿಂಡರಿನೊಳಗೆ ಒಂಟಿಯಾಗಿ ಇಳಿಸಿ, ಅದರ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ನೋಡಿ. ಸಂದೇ ಇಲ್ಲದ ರಿಂಗು ಕಾದಾಗ ಹೋಗುವುದೆಲ್ಲಿಗೆ? ಪಿಸ್ಟನ್ನಿನ ತೋಡಿನಲ್ಲಿರುವ ಪುಟ್ಟ ಮೊಳೆ ರಿಂಗಿನ ತುದಿ ತಿರುಗಿ ಕಂಡಿಗೆ ಸಿಕ್ಕಿಕೊಳ್ಳದಂತೆ ತಡೆಯಲು ಇರುವುದು; ತುದಿಗಳು ಆ ಮೊಳೆಯ ಎರಡೂ ಪಕ್ಕಕ್ಕೆ ಕೂರಬೇಕು.

ಇನ್ನು ಕಾರ್ಬ್ಯುರೇಟರ್. ಟ್ಯೂನಿಂಗ್ ಎಂದು ಜನ ಕರೆಯುವುದು ಬಹುಪಾಲು ಇದರ ಕೆಲಸವನ್ನೇ, ಹಾಳು ಮಾಡಿಕೊಳ್ಳುವುದೂ ಇಲ್ಲಿಯೇ. ಹಳೆಯ ಜಿಕೋವ್ ಕಾರ್ಬ್ಯುರೇಟರ್ ಸವೆದಾಗ ಮಿಕುನಿ ಮಾದರಿಯದನ್ನು ಹಾಕುವುದು ವಾಡಿಕೆಯಾಗಿದೆ. ತಪ್ಪೇನಲ್ಲ. ಬೋಲ್ಟುಗಳ ಅಂತರಕ್ಕೆ ಹೊಂದುವ ತುಂಡೊಂದನ್ನು ನಡುವೆ ಇಡಬೇಕಾಗಬಹುದು, ಅದರ ಮುಖ ಸಮತಟ್ಟಾಗಿರಬೇಕು, ಇಲ್ಲವಾದರೆ ಅಲ್ಲಿಂದಲೂ ಗಾಳಿ ನುಸುಳುತ್ತದೆ. ಆದರೆ ಮುಖ್ಯ ಜೆಟ್ಟಿನ ಸಂಖ್ಯೆಯಲ್ಲಿ ಒಂದು ಬಲೆಯಿದೆ. ಕೆಲವು ತಯಾರಕರ ಜೆಟ್ಟಿನ ಮೇಲಿನ 100 ಎಂದರೆ ರಂಧ್ರದ ವ್ಯಾಸ 1.00 ಮಿಲಿಮೀಟರ್. ಮಿಕುನಿಯ ದೊಡ್ಡ ತಲೆಯ ಜೆಟ್ಟಿನಲ್ಲಿ ಅದು ವ್ಯಾಸವಲ್ಲ, ಹರಿವಿನ ಪ್ರಮಾಣ. ಹಳೆಯದರಲ್ಲಿದ್ದ ಸಂಖ್ಯೆಯನ್ನೇ ಹೊಸದರಲ್ಲೂ ಕೇಳಿ ತಂದರೆ ನೀವು ತಂದದ್ದು ಬೇರೆಯೇ ವಸ್ತು. ಮತ್ತೊಂದು ಸಂಗತಿ: ವ್ಯಾಸವನ್ನು 1.00 ರಿಂದ 1.10 ಕ್ಕೆ ಏರಿಸಿದರೆ ಹೆಚ್ಚಿದ್ದು ಶೇಕಡಾ 10 ಎಂದು ಅನಿಸುತ್ತದೆ. ವೃತ್ತದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣವಲ್ಲವೇ? ಹೆಚ್ಚಿದ್ದು ಶೇಕಡಾ 21.

ಮೈಲೇಜಿನ ಆಸೆಗೆ ಜೆಟ್ಟನ್ನು ಚಿಕ್ಕದು ಮಾಡಿಸುವುದು ನಮ್ಮಲ್ಲಿ ದೊಡ್ಡ ಚಟ. ನಾಲ್ಕು ಹೊಡೆತದ ಎಂಜಿನ್ನಿಗೆ ಪ್ರತ್ಯೇಕ ಎಣ್ಣೆ ಇರುತ್ತದೆ. ಯೆಜ್ಡಿಯ ಪಿಸ್ಟನ್ನಿಗೆ ಮತ್ತು ಕ್ರ್ಯಾಂಕಿನ ಬೇರಿಂಗಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೆ ಮಾತ್ರ. ಪೆಟ್ರೋಲ್ ಕಡಿಮೆ ಮಾಡಿದಿರಿ ಎಂದರೆ ಎಣ್ಣೆಯನ್ನೂ ಕಡಿಮೆ ಮಾಡಿದಿರಿ. ತೆಳು ಮಿಶ್ರಣ ಬಿಸಿ ಹೆಚ್ಚಿಸುತ್ತದೆ, ಅದೇ ಹೊತ್ತಿಗೆ ಜಾರಿಸುವ ಎಣ್ಣೆಯೂ ಇಲ್ಲ. ಹಾಗಾದರೆ ಎಣ್ಣೆಯನ್ನೇ ಎರಡು ಪಟ್ಟು ಸುರಿದರೆ ಆಯಿತಲ್ಲ ಎನ್ನುವಿರಿ. ಅದೂ ಆಗದು. ಜೆಟ್ಟಿನಿಂದ ಹರಿಯುವ ದ್ರವ ಅಷ್ಟೇ ಇರುವಾಗ, ಅದರಲ್ಲಿ ಎಣ್ಣೆಯ ಪಾಲು ಏರಿದರೆ ಪೆಟ್ರೋಲಿನ ಪಾಲು ಇಳಿಯುತ್ತದೆ, ಮಿಶ್ರಣ ಮತ್ತೂ ತೆಳುವಾಗುತ್ತದೆ. ಕೈಪಿಡಿ ಹೇಳುವ ಪ್ರಮಾಣವನ್ನು ಅಳತೆಯ ಲೋಟದಲ್ಲೇ ಹಾಕಿ. 25 ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿಲಿಲೀಟರ್, ಅಂದಾಜಿಗೆ ಬೇಡ.

ಮುಚ್ಚಳವಿಲ್ಲದ ಏರ್ ಫಿಲ್ಟರಿನ ಬಗೆಗೂ ಇದೇ ಮಾತು. ಗಾಳಿ ಹೆಚ್ಚು ಬರುತ್ತದೆ, ಜೆಟ್ ಹಾಗೆಯೇ ಉಳಿದರೆ ಮಿಶ್ರಣ ತೆಳುವಾಗುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆಯ ಧೂಳಿನಲ್ಲಿ ಅದನ್ನು ಹಾಕುವುದು ನನ್ನ ಅಭಿಪ್ರಾಯದಲ್ಲಿ ಶುದ್ಧ ದಡ್ಡತನ.

ನಿಮ್ಮ ಅಜ್ಜನ ಕಾಲದಲ್ಲಿ ಇಲ್ಲದ ಇನ್ನೊಂದು ವಿಷಯ ಎಥೆನಾಲ್. 2025 ರ ಹೊತ್ತಿಗೆ ದೇಶದ ಬಹುತೇಕ ಬಂಕುಗಳಲ್ಲಿ ಶೇಕಡಾ 20 ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್ ಬಂದಿತು. ಭಾಲ್ಕಿಯ ಕಡೆ ನೀವು ನೋಡುವ ಕಬ್ಬಿನಂಥ ಬೆಳೆಯಿಂದಲೇ ಅದು ಬರುವುದು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥೆನಾಲಿಗೆ 9 ಕಿಲೋ ಸಾಕು; ಈ ಬೆರಕೆಗೆ ಸುಮಾರು 13.5. ಶುದ್ಧ ಪೆಟ್ರೋಲಿಗೆಂದು ಕೂಡಿಸಿದ ಹಳೆಯ ಜೆಟ್ಟಿನಲ್ಲಿ ಇದು ತೆಳು ಮಿಶ್ರಣವಾಗಿಯೇ ಉರಿಯುತ್ತದೆ. ಹಳೆಯ ರಬ್ಬರ್ ಕೊಳವೆಗಳು ಉಬ್ಬಿ ಬಿರಿಯುತ್ತವೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ತೇವ ಹೀರಿದ ಎಥೆನಾಲ್ ಬೇರ್ಪಟ್ಟು ತಳಕ್ಕಿಳಿದು ತುಕ್ಕು ಹಿಡಿಸುತ್ತದೆ. ಇದಕ್ಕೆ ಹವೆಯನ್ನೂ ಸೇರಿಸಿ. ಬೀದರಿನಲ್ಲಿ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ, ಜನವರಿಯ ಮುಂಜಾನೆ 10 ರ ಆಸುಪಾಸು. ತಣ್ಣನೆಯ ಗಾಳಿ ಶೇಕಡಾ 10 ರಷ್ಟು ಹೆಚ್ಚು ಸಾಂದ್ರ, ಪೆಟ್ರೋಲಿನ ಹರಿವು ಅಷ್ಟು ಹೆಚ್ಚುವುದಿಲ್ಲ. ಬೇಸಿಗೆಯಲ್ಲಿ ಅಂಚಿಗೆ ತಂದು ಟ್ಯೂನ್ ಮಾಡಿದ ಗಾಡಿ ಚಳಿಗಾಲದಲ್ಲಿ ಅಂಚು ದಾಟುತ್ತದೆ. ಆದ್ದರಿಂದ ಸ್ವಲ್ಪ ಗಟ್ಟಿ ಮಿಶ್ರಣದ ಕಡೆಗೇ ಬಿಡಿ. ಒಂದೆರಡು ಕಿಲೋಮೀಟರ್ ಮೈಲೇಜ್ ಹೋದರೆ ಹೋಗಲಿ.

ವಿದ್ಯುತ್ತಿನ ಬಗೆಗೆ ಹೆಚ್ಚು ಹೇಳುವುದಿಲ್ಲ. ಪಾಯಿಂಟುಗಳ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದರೆ ಕಿಡಿ ಸ್ಥಿರವಾಗುತ್ತದೆ, ನಿಜ. ಆದರೆ 6 ವೋಲ್ಟಿನ ಗಾಡಿಗೆ 12 ವೋಲ್ಟಿನ ಜೋಡಣೆ ಹಾಕಿ ಹಳೆಯ ಬಲ್ಬನ್ನು ಬಿಟ್ಟರೆ, ತಂತುವಿನ ರೋಧ ಬದಲಾಗದೆಂದು ಹಿಡಿದರೂ ಶಕ್ತಿ ನಾಲ್ಕು ಪಟ್ಟು. ಬಲ್ಬು, ಹಾರ್ನು, ಬ್ಯಾಟರಿ ಎಲ್ಲವನ್ನೂ ಒಟ್ಟಿಗೇ ಬದಲಿಸಬೇಕು. ಇಲ್ಲಿ ಮಾತ್ರ ಮೆಕ್ಯಾನಿಕರ ಸೂತ್ರಕ್ಕೆ ವಿನಾಯಿತಿ.

ಯೆಜ್ಡಿಯ ಎರಡು ಸೈಲೆನ್ಸರುಗಳಲ್ಲಿ ಮಸಿ ಕಟ್ಟುತ್ತದೆ, ಗಾಡಿ ಎಳೆಯುವುದಿಲ್ಲ. ಒಳಗಿನ ಬ್ಯಾಫಲ್ ತೆಗೆದು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ತೊಳೆಯುವುದುಂಟು. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಉಕ್ಕಿಗೆ ಸರಿ, ಆದರೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ಡನ್ನು ಅದರಲ್ಲಿ ಅದ್ದಿದರೆ ಏನಾಗುತ್ತದೆಂದು ನಿಮ್ಮ ರಸಾಯನಶಾಸ್ತ್ರದ ಪುಸ್ತಕದಲ್ಲೇ ಇದೆ: ಜಲಜನಕ ಹೊರಡುತ್ತದೆ, ಲೋಹ ಕರಗುತ್ತದೆ. ಸದ್ದು ಹೆಚ್ಚಲೆಂದು ಬ್ಯಾಫಲ್ಲನ್ನು ಎಸೆಯುವವರಿದ್ದಾರೆ. ಎರಡು ಹೊಡೆತದ ಎಂಜಿನ್ನಿನಲ್ಲಿ ಹೊಗೆ ಕೊಳವೆಯಿಂದ ಹಿಂದಿರುಗುವ ಒತ್ತಡದ ಅಲೆ, ತಪ್ಪಿಸಿಕೊಳ್ಳುವ ಹೊಸ ಮಿಶ್ರಣವನ್ನು ಒಳಕ್ಕೆ ತಳ್ಳುವ ಕೆಲಸ ಮಾಡುತ್ತದೆ. ಎಸೆದವರಿಗೆ ಸಿಗುವುದು ಗದ್ದಲ, ಕಳೆಯುವುದು ಎಳೆತ. ತಯಾರಕರ ವಿವರಗಳಿಂದ ದೂರ ಹೋಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು 1988 ರ ಮೋಟಾರು ವಾಹನ ಕಾಯಿದೆಯ 52 ನೆಯ ವಿಧಿ ತಡೆಯುತ್ತದೆ ಎಂಬುದೂ ನೆನಪಿರಲಿ. ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ತಪಾಸಣೆಯೊಂದಿಗೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಗೇರಿನ ಗಾಡಿಗೆ ಲೈಸೆನ್ಸ್ 18 ತುಂಬಿದ ಮೇಲೆಯೇ; ಅದಕ್ಕಿಂತ ಚಿಕ್ಕವರು ಸ್ಪ್ಯಾನರ್ ಹಿಡಿಯಬಹುದು, ಹ್ಯಾಂಡಲ್ ಅಲ್ಲ.

ಎಂಜಿನ್ನಿಗೆ ಮೊದಲು ಬ್ರೇಕಿಗೆ ದುಡ್ಡು ಹಾಕಿ ಎಂದು ನಾನು ಒತ್ತಿ ಹೇಳುತ್ತೇನೆ. ಬ್ರೇಕ್ ಶೂ, ಕೇಬಲ್, ಟಯರು ಹೊಸದಿರಲಿ. ಹಳೆಯ ಶೂಗಳಲ್ಲಿ ಕಲ್ನಾರು ಇರುವ ಸಂಭವವಿದೆ. ಡ್ರಮ್ಮಿನ ಧೂಳನ್ನು ಬಾಯಿಯಿಂದ ಊದಬೇಡಿ, ಗಾಳಿ ಪಂಪಿನಿಂದಲೂ ಹಾರಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ಎಲ್ಲ ಮುಗಿದ ಮೇಲೆ ಹೊಸ ಪಿಸ್ಟನ್ನಿನ ಗಾಡಿಯನ್ನು ಮೊದಲ ಕೆಲವು ನೂರು ಕಿಲೋಮೀಟರ್ ಹಗುರವಾಗಿ, ವೇಗವನ್ನು ಏರಿಸಿ ಇಳಿಸಿ ಓಡಿಸಬೇಕು. ನಡುವೆ ಪ್ಲಗ್ ಬಿಚ್ಚಿ ನೋಡಿ. ಕಂದು ಬಣ್ಣವಿದ್ದರೆ ಸರಿ, ಕಪ್ಪಗೆ ಜಿಡ್ಡಾಗಿದ್ದರೆ ಗಟ್ಟಿ, ಸುಣ್ಣದಂತೆ ಬೆಳ್ಳಗಿದ್ದರೆ ತೆಳು. ಈಗಿನ ಪೆಟ್ರೋಲಿನಲ್ಲಿ ಬಣ್ಣ ಮೊದಲಿಗಿಂತ ತಿಳಿಯಾಗಿಯೇ ಕಾಣುತ್ತದೆ, ಅದಕ್ಕೆ ಅವಕಾಶ ಕೊಡಿ. ಓಡುತ್ತಿರುವಾಗ ಎಂಜಿನ್ನಿನ ದನಿ ಬಿಗಿದಂತಾಗಿ ಎಳೆತ ಕುಗ್ಗಿತೋ, ಅದು ಪಿಸ್ಟನ್ ಕಚ್ಚುವ ಮುನ್ಸೂಚನೆ. ಮುಂದಿನ ಕ್ಷಣದಲ್ಲಿ ಹಿಂದಿನ ಚಕ್ರ ಹಿಡಿದು ನಿಲ್ಲಬಹುದು. ತಕ್ಷಣ ಕ್ಲಚ್ ಹಿಡಿಯಿರಿ, ಆಕ್ಸಿಲರೇಟರ್ ಬಿಡಿ, ರಸ್ತೆಯ ಅಂಚಿಗೆ ಬನ್ನಿ. ಪೂರ್ತಿ ತಣ್ಣಗಾಗುವವರೆಗೆ ಕಿಕ್ ಹೊಡೆಯಬೇಡಿ. ಆ ಮೇಲೂ ಕಾರಣ ಹುಡುಕದೆ ಮನೆಯತ್ತ ಓಡಿಸಬೇಡಿ, ತಳ್ಳಿಕೊಂಡು ಹೋಗಿ.