ಡಿಪ್ಲೊಮಾ: ಮೆಟ್ಟಿಲೇ, ನಿಲ್ದಾಣವೇ?

(ಅಂಕೋಲಾ ತಾಲೂಕಿನ ಅಗಸೂರಿನಲ್ಲಿ ಪೋಷಕರನ್ನು ಉದ್ದೇಶಿಸಿ ಮಾಡಿದ ಭಾಷಣ)



ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದೊಡನೆ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಪಿಯುಸಿಯೋ, ಪಾಲಿಟೆಕ್ನಿಕ್ಕೋ? ಪಾಲಿಟೆಕ್ನಿಕ್ ಸೇರಿದರೆ ಪದವಿಯ ಬಾಗಿಲು ಮುಚ್ಚಿದಂತೆ ಎಂದು ಹಲವರು ಭಾವಿಸಿದ್ದಾರೆ. ಇದು ಸತ್ಯವಲ್ಲ. ಡಿಪ್ಲೊಮಾ ಮುಗಿಸಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಪರೀಕ್ಷೆ ಬರೆದು, ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಪ್ರವೇಶ ಪಡೆಯಬಹುದು.

ಸ್ವಲ್ಪ ಲೆಕ್ಕ ಹಾಕೋಣ. ಪಿಯುಸಿಗೆ 2 ವರ್ಷ, ಪದವಿಗೆ 4 ವರ್ಷ, ಒಟ್ಟು 6. ಡಿಪ್ಲೊಮಾಗೆ 3 ವರ್ಷ, ಅನಂತರ ಪದವಿಗೆ 3 ವರ್ಷ, ಒಟ್ಟು ಅಷ್ಟೇ. ಆದರೆ ವ್ಯತ್ಯಾಸ ನಡುದಾರಿಯಲ್ಲಿದೆ. ಮನೆಯ ಸಂಪಾದನೆ ಹಠಾತ್ತನೆ ನಿಂತರೆ, ಮೂರನೆಯ ವರ್ಷದ ಕೊನೆಗೆ ಒಬ್ಬನ ಕೈಯಲ್ಲಿ ಅರ್ಧಕ್ಕೆ ನಿಂತ ಪದವಿ, ಇನ್ನೊಬ್ಬನ ಕೈಯಲ್ಲಿ ಉದ್ಯೋಗಕ್ಕೆ ಅರ್ಹವಾದ ಪ್ರಮಾಣಪತ್ರ. ರೈಲ್ವೆಯ ಮತ್ತು ಲೋಕೋಪಯೋಗಿ ಇಲಾಖೆಯ ಜೂನಿಯರ್ ಇಂಜಿನಿಯರ್ ಹುದ್ದೆಗೆ ಡಿಪ್ಲೊಮಾ ಸಾಕು. ಪರಿಮಿತ ಆದಾಯದ ಕುಟುಂಬಗಳಿಗೆ ಇದು ಸಣ್ಣ ಆಸರೆಯಲ್ಲ.

ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ವೈದ್ಯಕೀಯದ ಕನಸಿರುವ ಮಕ್ಕಳಿಗೆ ಈ ದಾರಿ ಸಲ್ಲದು. ಅದಕ್ಕೆ ಪಿಯುಸಿ ಮಟ್ಟದ ಜೀವಶಾಸ್ತ್ರ ಬೇಕು. ಹದಿನಾರರ ಪ್ರಾಯದಲ್ಲೇ ಸಿವಿಲ್, ಮೆಕ್ಯಾನಿಕಲ್ ಎಂದು ವಿಭಾಗ ಆರಿಸಬೇಕಾಗುತ್ತದೆ. ಪದವಿಯ ಮೊದಲ ವರ್ಷ ತಪ್ಪುವುದರಿಂದ ಗಣಿತದಲ್ಲಿ ಕೊರತೆ ಕಾಣುತ್ತದೆ. ಆ ಕಾರಣಕ್ಕಾಗಿಯೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು ಇಂತಹ ವಿದ್ಯಾರ್ಥಿಗಳಿಗೆ ಹೆಚ್ಚುವರಿ ಗಣಿತವನ್ನು ಕಡ್ಡಾಯಗೊಳಿಸಿತು. ಸಹಪಾಠಿಗಳು ಒಂದು ವರ್ಷ ಮುಂಚೆಯೇ ಬಂದು ನೆಲೆಯೂರಿರುವ ತರಗತಿಯಲ್ಲಿ ಹೊಸಬನು ಒಂಟಿಯಾಗುವುದೂ ಉಂಟು.

ಆದರೆ ಇವೆಲ್ಲಕ್ಕಿಂತ ದೊಡ್ಡ ಅಪಾಯ ನಮ್ಮ ಮನೆಯೊಳಗೇ ಇದೆ. ಡಿಪ್ಲೊಮಾ ಕೈಸೇರಿದ ದಿನವೇ, "ಓದಿದ್ದು ಸಾಕು, ಪಾಸ್‌ಪೋರ್ಟ್ ಮಾಡಿಸು" ಎಂದು ಮಗನಿಗೆ ಹೇಳುತ್ತೇವೆ. ಮಗಳಿಗಾದರೆ, "ಇನ್ನು ಮದುವೆ" ಎನ್ನುತ್ತೇವೆ. ಹೀಗೆ ಮೆಟ್ಟಿಲಾಗಬೇಕಿದ್ದುದು ಕೊನೆಯ ನಿಲ್ದಾಣವಾಗುತ್ತದೆ. ಅನಿವಾರ್ಯತೆಯಿಂದ ದುಡಿಯಲು ಹೊರಡುವುದು ಬೇರೆ, ಅಭ್ಯಾಸಬಲದಿಂದ ಓದು ನಿಲ್ಲಿಸುವುದು ಬೇರೆ.

ಎರಡನೆಯ ಮೆಟ್ಟಿಲು ನಮ್ಮಿಂದ ಬಹು ದೂರವೇನೂ ಇಲ್ಲ. ಕಾರವಾರದಲ್ಲಿ 2007ರಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1919ರಲ್ಲಿ ಸ್ಥಾಪನೆಯಾದ ಭಟ್ಕಳದ ಅಂಜುಮನ್ ಸಂಸ್ಥೆಯು 1980ರಲ್ಲೇ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ಎರಡೂ ನಮ್ಮ ಜಿಲ್ಲೆಯಲ್ಲೇ ಇವೆ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಪಾಲಿಟೆಕ್ನಿಕ್‌ಗೆ ಸೇರಿಸುವ ದಿನವೇ ಮುಂದಿನ ಮೂರು ವರ್ಷಗಳ ಮಾತನ್ನೂ ಮಕ್ಕಳೊಂದಿಗೆ ಆಡಿರಿ. ಗಣಿತದ ಅಭ್ಯಾಸ ಬಿಡದಂತೆ ನೋಡಿಕೊಳ್ಳಿರಿ. ಡಿಸಿಇಟಿಯ ಅರ್ಜಿಯ ದಿನಾಂಕವನ್ನು ತಪ್ಪಿಸಬೇಡಿರಿ. ಮಗನಿಗೆ ಕೊಡುವ ಅವಕಾಶವನ್ನು ಮಗಳಿಗೂ ಕೊಡಿರಿ. ಅರ್ಧ ಏಣಿ ಏರಿದ ಮಗುವನ್ನು ಕೆಳಗಿಳಿಸುವ ಕೈ ನಮ್ಮದಾಗದಿರಲಿ.